ಸಾಲಿಡ್‌ವರ್ಕ್ಸ್, ಆಟೋಕ್ಯಾಡ್, ಆನ್ಸಿಸ್: ಲಿನಕ್ಸ್‌ನಲ್ಲಿ ಯಾವುದು ಓಡುತ್ತೆ?

ಪ್ರಶ್ನೆ: ನಮಸ್ಕಾರ ಸರ್. ದಾವಣಗೆರೆಯ ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಫ್ಯಾಬ್ರಿಕೇಶನ್ ಶೆಡ್ ಐತೆ. ಅಡಿಕೆ ಸುಲಿಯೋ ಮೆಷಿನ್, ಮೆಕ್ಕೆಜೋಳ ಬಿಡಿಸೋ ಮೆಷಿನ್ ಮಾಡ್ತೀವಿ. ಮಾಡೆಲ್ ಸಾಲಿಡ್‌ವರ್ಕ್ಸ್‌ನಲ್ಲಿ, ಲೇಸರ್ ಕಟಿಂಗ್‌ಗೆ ಕಳಿಸೋ ಡ್ರಾಯಿಂಗ್ ಆಟೋಕ್ಯಾಡ್‌ನಲ್ಲಿ, ಫ್ರೇಮ್ ಮತ್ತೆ ಶಾಫ್ಟ್‌ನ ಸ್ಟ್ರೆಸ್ ಆನ್ಸಿಸ್‌ನಲ್ಲಿ. 2025ರ ಅಕ್ಟೋಬರ್‌ಗೆ ವಿಂಡೋಸ್ 10 ಸಪೋರ್ಟ್ ನಿಂತಿದೆ. ನಮ್ಮ ಎರಡೂ ಕಂಪ್ಯೂಟರ್ ಸಿಸ್ಟಂಗೆ ಲಿನಕ್ಸ್ ಹಾಕಬಹುದಾ?

ಉತ್ತರ: ಎರಡಕ್ಕೂ ಬೇಡ, ಒಂದಕ್ಕೆ ಹಾಕಿ. ಸಾಲಿಡ್‌ವರ್ಕ್ಸ್‌ಗೂ ಆಟೋಕ್ಯಾಡ್‌ಗೂ ಲಿನಕ್ಸ್ ಆವೃತ್ತಿ ಇಲ್ಲ. ವೈನ್‌ನಲ್ಲಿ (ವಿಂಡೋಸ್ ಸಾಫ್ಟ್‌ವೇರನ್ನ ಲಿನಕ್ಸ್‌ನಲ್ಲಿ ಓಡಿಸೋ ಸಾಧನ) ಓಡಿಸಬಹುದು ಅಂತ ಯಾರಾದರೂ ಹೇಳಿದರೂ, ಗಿರಾಕಿಗೆ ತಾರೀಖು ಕೊಟ್ಟಿರೋ ಕೆಲಸವನ್ನ ಅದರ ಮೇಲೆ ಬಿಡಬೇಡಿ.

ಆನ್ಸಿಸ್‌ನ ಮೆಕ್ಯಾನಿಕಲ್ (ಸ್ಟ್ರೆಸ್ ಲೆಕ್ಕಕ್ಕೆ), ಫ್ಲೂಯೆಂಟ್ (ಗಾಳಿ, ನೀರಿನ ಹರಿವಿನ ಲೆಕ್ಕಕ್ಕೆ) ಲಿನಕ್ಸ್‌ನಲ್ಲೇ ಓಡುತ್ತವೆ. ಆದರೆ ಆನ್ಸಿಸ್‌ನಲ್ಲಿ ಮಾಡೆಲ್ ತಯಾರಿಸೋ ಸ್ಪೇಸ್‌ಕ್ಲೇಮ್ ವಿಂಡೋಸ್‌ನಲ್ಲಷ್ಟೇ ಓಡುತ್ತೆ. ಹಾಗಾಗಿ ಮಾಡೆಲ್ ವಿಂಡೋಸ್‌ನಲ್ಲಿ ಮಾಡಿ, ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್ ಸಾಫ್ಟ್‌ವೇರ್ ಓದಬಲ್ಲ 3ಡಿ ಫೈಲ್) ತೆಗೆದು, ಲಿನಕ್ಸ್ ಸಿಸ್ಟಂನಲ್ಲಿ ಸಾಲ್ವ್ ಮಾಡಿ. ರ‍್ಯಾಮ್ ಜಾಸ್ತಿ ಇರೋ ಸಿಸ್ಟಂ ಲಿನಕ್ಸ್‌ಗಿರಲಿ. ಯಾವ ಲಿನಕ್ಸ್ ಅನ್ನೋದನ್ನ ನಿಮ್ಮ ಆನ್ಸಿಸ್ ಆವೃತ್ತಿಯ ಸಪೋರ್ಟ್ ಪಟ್ಟಿ ನೋಡಿಯೇ ತೀರ್ಮಾನಿಸಿ. ಹಳೇ ವಿಡಿಯೋ ನೋಡಿ ಸೆಂಟ್‌ಒಎಸ್ 7 ಅನ್ನೋ ಲಿನಕ್ಸ್ ಹಾಕಬೇಡಿ, ಅದರ ಅಪ್‌ಡೇಟ್ 2024ರ ಜೂನ್‌ಗೇ ಮುಗಿದಿದೆ.

ಪ್ರಶ್ನೆ: ಡ್ರಾಯಿಂಗ್ ಕೆಲಸಕ್ಕಾದ್ರೂ ಲಿನಕ್ಸ್‌ನಲ್ಲಿ ಏನಾದ್ರೂ ಸಿಗುತ್ತಾ ಸರ್? ಉಚಿತವಾಗಿ ಸಿಗೋ 3ಡಿ ಸಾಫ್ಟ್‌ವೇರ್ ಫ್ರೀಕ್ಯಾಡ್ ಹೆಂಗೆ?

ಉತ್ತರ: 2ಡಿ ಕೆಲಸಕ್ಕೆ ಬ್ರಿಕ್ಸ್‌ಕ್ಯಾಡ್ ನೋಡಿ. ದುಡ್ಡು ಕೊಟ್ಟು ತಗೊಳ್ಳೋ ಸಾಫ್ಟ್‌ವೇರ್, ಲಿನಕ್ಸ್‌ಗೆಂದೇ ಆವೃತ್ತಿ ಇದೆ, ನಿಮ್ಮ ಆಟೋಕ್ಯಾಡ್‌ನ ಡಿಡಬ್ಲ್ಯೂಜಿ ಫೈಲನ್ನ ನೇರವಾಗಿ ತೆರೆದು ಸೇವ್ ಮಾಡುತ್ತೆ.

ಫ್ರೀಕ್ಯಾಡ್ ನನಗೆ ಇಷ್ಟ. ಮೊದಲೆಲ್ಲ ಹಿಂದಿನ ಸ್ಕೆಚ್‌ನಲ್ಲಿ ಒಂದು ಗೆರೆ ಸೇರಿಸಿದರೆ ಸಾಕು, ಮುಂದೆ ಹಾಕಿದ್ದ ಫಿಲೆಟ್ಟೋ (ಮೂಲೆಯ ದುಂಡು) ಹೋಲೋ ಬೇರೆ ಮುಖಕ್ಕೆ ಹೋಗಿ ಕೂರ್ತಿತ್ತು. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಆ ಕಾಟ ಬಹಳ ಕಮ್ಮಿಯಾಗಿದೆ. ಆದರೆ ಸಾಲಿಡ್‌ವರ್ಕ್ಸ್‌ನ ಪಾರ್ಟ್ ಫೈಲ್ ಅದರಲ್ಲಿ ತೆರೆಯಲ್ಲ. ಸ್ಟೆಪ್ ಮಾಡಿ ತಂದರೆ ಆಕಾರ ಬರುತ್ತೆ, ಫೀಚರ್ ಟ್ರೀ (ಮಾಡೆಲ್ ಕಟ್ಟಿದ ಹೆಜ್ಜೆಗಳ ಪಟ್ಟಿ) ಬರಲ್ಲ. ಬೇರಿಂಗ್ ಹೌಸಿಂಗ್‌ನ ಬೋರ್ ಅಳತೆ ಬದಲಿಸಬೇಕು ಅಂದರೆ ಎಡಿಟ್ ಮಾಡೋಕೆ ಹಳೇ ಸ್ಕೆಚ್ಚೇ ಇರಲ್ಲ. ಹಳೇ ಮೆಷಿನ್‌ಗಳ ಮಾಡೆಲ್ ಇದ್ದಲ್ಲೇ ಇರಲಿ, ಹೊಸ ಜಿಗ್, ಸ್ಟ್ಯಾಂಡ್ ಥರದ ಸಣ್ಣ ಕೆಲಸ ಫ್ರೀಕ್ಯಾಡ್‌ನಲ್ಲಿ ಶುರು ಮಾಡಿ.

ಪ್ರಶ್ನೆ: ಪೆನ್‌ಡ್ರೈವ್‌ನಿಂದ ಉಬುಂಟು ಲಿನಕ್ಸ್ ಹಾಕಿ ನೋಡಿದ್ವಿ. ಎನ್‌ವಿಡಿಯಾ ಕಾರ್ಡ್ ಐತೆ, ಆದ್ರೂ ಮಾಡೆಲ್ ತಿರುಗಿಸಿದ್ರೆ ತಡ್ಕೊಂಡು ತಡ್ಕೊಂಡು ತಿರುಗುತ್ತೆ.

ಉತ್ತರ: ಟರ್ಮಿನಲ್‌ನಲ್ಲಿ ಜಿಎಲ್‌ಎಕ್ಸ್‌ಇನ್ಫೋ (glxinfo) ಕಮಾಂಡ್ ಕೊಟ್ಟು ‘ಓಪನ್‌ಜಿಎಲ್ ರೆಂಡರರ್’ ಅನ್ನೋ ಸಾಲು ನೋಡಿ. ಕಾರ್ಡ್ ಹೆಸರಿನ ಜಾಗದಲ್ಲಿ ‘ಎಲ್‌ಎಲ್‌ವಿಎಂಪೈಪ್’ (llvmpipe) ಅಂತ ಇದ್ದರೆ, ಕಾರ್ಡ್ ಸುಮ್ಮನೆ ಕೂತಿದೆ, ಚಿತ್ರವೆಲ್ಲ ಪ್ರೊಸೆಸರ್ರೇ ಬಿಡಿಸ್ತಿದೆ ಅಂತ ಅರ್ಥ. ಡಿಸ್ಕ್‌ಗೆ ಉಬುಂಟು ಹಾಕಿದ ಮೇಲೆ ಎನ್‌ವಿಡಿಯಾದವರದೇ ಡ್ರೈವರ್ ಹಾಕಿ. ಸೆಕ್ಯೂರ್ ಬೂಟ್ (ಒಪ್ಪಿಗೆ ಇಲ್ಲದ ಡ್ರೈವರ್ ಲೋಡ್ ಆಗದಂತೆ ತಡೆಯೋ ಸೆಟ್ಟಿಂಗ್) ಆನ್ ಇದ್ದರೆ ಡ್ರೈವರ್ ಹಾಕುವಾಗ ಪಾಸ್‌ವರ್ಡ್ ಕೇಳುತ್ತೆ, ರೀಸ್ಟಾರ್ಟ್ ಆದಾಗ ನೀಲಿ ಸ್ಕ್ರೀನ್ ಬರುತ್ತೆ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಅದನ್ನ ದಾಟಿಸಿಬಿಟ್ಟರೆ ಡ್ರೈವರ್ ಡಿಸ್ಕ್‌ನಲ್ಲಿದ್ದೂ ಲೋಡ್ ಆಗಲ್ಲ.

ಫಾರ್ಮ್ಯಾಟ್ ಮಾಡೋ ಮೊದಲು ಇನ್ನೊಂದು ಕೆಲಸ ಇದೆ. ಆ ಸಿಸ್ಟಂನಲ್ಲಿ ಸಾಲಿಡ್‌ವರ್ಕ್ಸ್ ಆಕ್ಟಿವೇಟ್ ಆಗಿದ್ದರೆ ಹೆಲ್ಪ್ ಮೆನುವಿನಲ್ಲಿ ಲೈಸೆನ್ಸ್ ಡೀಆಕ್ಟಿವೇಟ್ ಮಾಡಿ. ಮರೆತರೆ ಅದನ್ನ ಬಿಡಿಸಿಕೊಳ್ಳೋಕೆ ಡೀಲರ್ ಹತ್ತಿರ ಓಡಾಡಬೇಕಾಗುತ್ತೆ.