ಡೋರ್ಸ್ ಬಿಟ್ಟು ಹೊರಡುವ ಮುಂಚೆ ಏನೇನು ಎಣಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕಾರಿನ ಬ್ರೇಕ್ ಕಂಟ್ರೋಲ್ ಸಾಫ್ಟ್‌ವೇರ್ ಮಾಡುವ ತಂಡದಲ್ಲಿದ್ದೇನೆ. ನಮ್ಮ ರಿಕ್ವೈರ್‌ಮೆಂಟ್ಸ್ (ಸಾಫ್ಟ್‌ವೇರ್ ಏನೇನು ಮಾಡಬೇಕು ಎಂಬ ಬೇಡಿಕೆಗಳು) ಎಲ್ಲ ಅವನ್ನು ಬರೆದಿಡುವ ಟೂಲ್ ಆದ ಐಬಿಎಂ ಡೋರ್ಸ್ 9ರಲ್ಲಿವೆ. ಈಗ ಅದೇ ಕಂಪನಿಯ ಹೊಸ ಟೂಲ್ ಡೋರ್ಸ್ ನೆಕ್ಸ್ಟ್‌ಗೆ ಹೋಗುವುದು ಅಂತ ತೀರ್ಮಾನ ಆಗಿದೆ. "ಒಟ್ಟು ಎಷ್ಟು ರಿಕ್ವೈರ್‌ಮೆಂಟ್ ಇವೆ ಹೇಳಿ, ಅದರ ಮೇಲೆ ಎಷ್ಟು ದಿನ ಬೇಕು ಅಂತ ಲೆಕ್ಕ ಹಾಕೋಣ" ಎನ್ನುತ್ತಾರೆ ಮ್ಯಾನೇಜರ್. ನಾನು ಡೋರ್ಸ್‌ನದೇ ಸ್ಕ್ರಿಪ್ಟ್ ಭಾಷೆ ಡಿಎಕ್ಸ್‌ಎಲ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದು ಎಣಿಸಿದೆ, ಸಹೋದ್ಯೋಗಿ ಇನ್ನೊಂದು ಬರೆದರು. ಎರಡಕ್ಕೂ ಅಜಗಜಾಂತರ. ಯಾವುದನ್ನು ಕೊಡಲಿ?

ಉತ್ತರ 1

ಮೇಡಂ, ಎರಡನ್ನೂ ಈಗಲೇ ಕೊಡಬೇಡಿ. ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದನ್ನು ಮೊದಲು ನೋಡಿ, ಅದರಲ್ಲೇ ಅರ್ಧ ಉತ್ತರ ಇದೆ.

ಡಿಎಕ್ಸ್‌ಎಲ್‌ನಲ್ಲಿ ಬರೀ ಮಾಡ್ಯೂಲ್ (ಡೋರ್ಸ್ ಒಳಗಿನ ಒಂದೊಂದು ದಾಖಲೆ) ಮೇಲೆ ಲೂಪ್ ಓಡಿಸಿದರೆ ಆ ಹೊತ್ತಿಗೆ ಕಾಣುತ್ತಿರುವ ಆಬ್ಜೆಕ್ಟ್‌ಗಳು (ಅದರೊಳಗಿನ ಒಂದೊಂದು ನಮೂದು) ಮಾತ್ರ ಸಿಗುತ್ತವೆ. ತೆರೆದಾಗ ಕಾಣುವ ಡೀಫಾಲ್ಟ್ ವ್ಯೂನಲ್ಲಿ ಯಾರೋ ಫಿಲ್ಟರ್ ಹಾಕಿ ಸೇವ್ ಮಾಡಿದ್ದರೆ ಸಂಖ್ಯೆ ಸದ್ದಿಲ್ಲದೆ ಇಳಿಯುತ್ತದೆ. ಲೂಪ್‌ನಲ್ಲಿ 'ಎಂಟೈರ್' ಎಂಬ ಪದ ಹಾಕಿದರೆ ಅಳಿಸಿಟ್ಟವೂ ಬರುತ್ತವೆ. ಡೋರ್ಸ್‌ನಲ್ಲಿ ಡಿಲೀಟ್ ಮಾಡಿದ್ದು ಪರ್ಜ್ ಮಾಡುವ (ಪೂರ್ತಿ ತೆಗೆದುಹಾಕುವ) ತನಕ ಒಳಗೇ ಇರುತ್ತದೆ ಅಲ್ವಾ. ಇನ್ನು ಟೇಬಲ್‌ಗಳು. 10 ಸಾಲು, 5 ಕಾಲಂ ಇರುವ ಒಂದು ಟೇಬಲ್ ಅಂದರೆ 50 ಸೆಲ್, 10 ಸಾಲಿನ ತಲೆ, ಟೇಬಲ್‌ನ ತಲೆ ಒಂದು, ಒಟ್ಟು 61 ಆಬ್ಜೆಕ್ಟ್. ಓದುವವರಿಗೆ ಅದು ಒಂದೇ ರಿಕ್ವೈರ್‌ಮೆಂಟ್ ಇರಬಹುದು. ಸಿಗ್ನಲ್ ಪಟ್ಟಿ ಜಾಸ್ತಿ ಇರುವ ಮಾಡ್ಯೂಲ್‌ಗಳಲ್ಲಿ ಲೆಕ್ಕ ಉಬ್ಬುವುದು ಇಲ್ಲೇ.

ಇನ್ನೊಂದು ವಿಷಯ, ಸ್ಕ್ರಿಪ್ಟ್ ಯಾರ ಲಾಗಿನ್‌ನಲ್ಲಿ ಓಡಿತು? ಓದುವ ಅನುಮತಿ ಇಲ್ಲದ ಮಾಡ್ಯೂಲ್ ಲೆಕ್ಕಕ್ಕೇ ಬರುವುದಿಲ್ಲ. ಅಡ್ಮಿನಿಸ್ಟ್ರೇಟರ್ ಲಾಗಿನ್‌ನಲ್ಲೇ ಓಡಿಸಿ.

ಇಷ್ಟೆಲ್ಲ ಸರಿಮಾಡಿದರೂ ಆ ಒಟ್ಟು ಸಂಖ್ಯೆಯಿಂದ ದಿನದ ಲೆಕ್ಕ ಹುಟ್ಟುವುದಿಲ್ಲ. ಸಾವಿರ ಇರಲಿ, ಲಕ್ಷ ಇರಲಿ, ಒಂದೇ ಅಚ್ಚಿನಲ್ಲಿದ್ದರೆ ಮಷೀನ್ ಸಾಗಿಸುತ್ತದೆ. ಜನರನ್ನು ಕೂರಿಸಿ ಕೆಲಸ ಕೇಳುವುದು ಒಂದಕ್ಕೊಂದು ಹೊಂದದ ಅಚ್ಚುಗಳು.

ಡೋರ್ಸ್ 9ರಲ್ಲಿ ಆಟ್ರಿಬ್ಯೂಟ್‌ನ (ಆಬ್ಜೆಕ್ಟ್‌ಗೆ ಅಂಟಿದ ಮಾಹಿತಿ ಕಾಲಂ) ಟೈಪ್, ಅಂದರೆ ಅದರಲ್ಲಿ ಏನೇನು ಬರೆಯಬಹುದು ಎಂಬುದು, ಮಾಡ್ಯೂಲ್ ಒಳಗೇ ಇರುತ್ತದೆ. ಹಾಗಾಗಿ 'ಸ್ಟೇಟಸ್' ಎಂಬ ಒಂದೇ ಹೆಸರಿಗೆ ಒಂದು ಮಾಡ್ಯೂಲ್‌ನಲ್ಲಿ ಡ್ರಾಫ್ಟ್, ರಿವ್ಯೂಡ್, ಅಪ್ರೂವ್ಡ್ ಎಂಬ ಪಟ್ಟಿ. ಪಕ್ಕದ್ದರಲ್ಲಿ 'ಅಗ್ರೀಡ್' ಅಂತ ಇನ್ನೊಂದು. ಮೂರನೆಯದರಲ್ಲಿ ಅದು ಬರೀ ಟೆಕ್ಸ್ಟ್, ಜನ ತೋಚಿದ್ದು ಬರೆದಿರುತ್ತಾರೆ. ಡೋರ್ಸ್ ನೆಕ್ಸ್ಟ್‌ನಲ್ಲಿ ಟೈಪ್‌ಗಳು ಪ್ರಾಜೆಕ್ಟ್ ಅಥವಾ ಕಾಂಪೊನೆಂಟ್ ಮಟ್ಟದಲ್ಲಿರುತ್ತವೆ, ಹಾಗಾಗಿ ಇವೆಲ್ಲ ಒಂದು ಕಡೆ ಸೇರಲೇಬೇಕು. ಯಾವುದಕ್ಕೆ ಯಾವುದು ಸಮ ಅಂತ ಕೂತು ಮಾತಾಡುವುದು ಸ್ಕ್ರಿಪ್ಟ್‌ನ ಕೆಲಸವಲ್ಲ. ನಿಮ್ಮದು ಬ್ರೇಕ್ ಸಾಫ್ಟ್‌ವೇರ್. ವಾಹನ ಸುರಕ್ಷತೆಯ ಮಾನದಂಡ ಐಎಸ್‌ಒ 26262ರ ಎಎಸ್‌ಐಎಲ್ (ಸುರಕ್ಷತಾ ಮಟ್ಟ) ಆಟ್ರಿಬ್ಯೂಟ್ ಖಂಡಿತ ಇರುತ್ತದೆ. ಅದರ ಮಾನ್ಯ ಬೆಲೆಗಳಾದ ಕ್ಯೂಎಂ ಮತ್ತು ಎ ಇಂದ ಡಿ ತನಕ ಬಿಟ್ಟು ಅದರಲ್ಲಿ ಬೇರೆ ಏನೇನು ಬರೆದಿದ್ದಾರೆ, ಎಷ್ಟು ಕಡೆ ಖಾಲಿ ಬಿಟ್ಟಿದ್ದಾರೆ ನೋಡಿ. ಅದನ್ನು ಅಂದಾಜಿನ ಮೇಲೆ ತುಂಬಲು ಆಗುವುದಿಲ್ಲ, ಸೇಫ್ಟಿ ಎಂಜಿನಿಯರ್ ಒಂದೊಂದನ್ನೂ ನೋಡಿ ಹೇಳಬೇಕು.

ಆದ್ದರಿಂದ ಮಾಡ್ಯೂಲ್‌ಗೊಂದು ಸಾಲು ಬರೆಯಿರಿ. ಆಟ್ರಿಬ್ಯೂಟ್ ಹೆಸರು, ಅದರ ಟೈಪ್, ನಿಜವಾಗಿ ಬಳಕೆಯಲ್ಲಿರುವ ಬೆಲೆಗಳು, ಖಾಲಿ ಎಷ್ಟು, ಕೊನೆಗೆ ತಿದ್ದಿದ್ದು ಯಾವಾಗ. ಆ ಕೊನೆಯ ಕಾಲಂ ನೋಡಿದರೇ ಎಷ್ಟೋ ಮಾಡ್ಯೂಲ್ ಸಾಗಿಸುವ ಅಗತ್ಯವೇ ಇಲ್ಲ ಅಂತ ಗೊತ್ತಾಗುತ್ತದೆ.

ಉತ್ತರ 2

ನಾನು ಟೆಸ್ಟಿಂಗ್ ಕಡೆಯವನು. ಸರ್ ಹೇಳಿದ್ದರ ಜೊತೆಗೆ ವ್ಯೂಗಳನ್ನೂ ಎಣಿಸಿ. ಲೇಔಟ್ ಡಿಎಕ್ಸ್‌ಎಲ್ ಕಾಲಂ (ಸ್ಕ್ರಿಪ್ಟ್ ತುಂಬಿಸುವ ಕಾಲಂ) ಎಷ್ಟಿವೆ ನೋಡಿ. ನಾವು ದಿನಾ ನೋಡುವ "ಟೆಸ್ಟ್ ಪಾಸ್ ಆಗಿದೆಯಾ" ಎಂಬ ಕಾಲಂ ಡೇಟಾನೇ ಅಲ್ಲ, ಪರದೆಗೆ ಬರುವಾಗ ಸ್ಕ್ರಿಪ್ಟ್ ಲೆಕ್ಕ ಹಾಕಿ ತೋರಿಸುವಂಥದ್ದು. ಹೊಸ ಕಡೆ ಅದು ತಾನಾಗಿ ಬರಲ್ಲ. ಬೇರೆ ಪ್ರೋಗ್ರಾಂನಿಂದ ತಂದು ಒಳಗೆ ಅಂಟಿಸಿದ (ಓಎಲ್‌ಇ) ವರ್ಡ್, ವಿಸಿಯೊ ಚಿತ್ರಗಳೂ ಅಷ್ಟೇ, ಪ್ರತ್ಯೇಕ ಪಟ್ಟಿ ಬೇಕು.

ಇನ್ನೊಂದು ನಂಬರಿನ ವಿಷಯ. ಟೆಸ್ಟ್ ಸ್ಕ್ರಿಪ್ಟ್, ಕೋಡ್ ಕಾಮೆಂಟ್, ಗ್ರಾಹಕರಿಗೆ ಕಳಿಸಿದ ಪಿಡಿಎಫ್ ಎಲ್ಲದರಲ್ಲೂ ಹಳೆಯ ಡೋರ್ಸ್ ಐಡಿ ಕೂತಿದೆ. ಹೊಸ ಟೂಲ್ ಬೇರೆ ನಂಬರ್ ಕೊಡುತ್ತದೆ. ಹಳೆಯದನ್ನು ಒಂದು ಆಟ್ರಿಬ್ಯೂಟ್ ಆಗಿ ಉಳಿಸಿ. ಇದು ನನ್ನ ಕೋರಿಕೆ, ದಯವಿಟ್ಟು ಮರೀಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಹೋದ್ಯೋಗಿಯದು 'ಎಂಟೈರ್' ಲೂಪ್, ನನ್ನದು ಬರೀ ಲೂಪ್, ಅದೂ ನನ್ನ ಸ್ವಂತ ಲಾಗಿನ್‌ನಲ್ಲಿ. ಈಗ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೆ ನಾನು ಹೆಸರೂ ಕೇಳಿರದ ಮಾಡ್ಯೂಲ್‌ಗಳು ಬಂದವು. ಒಂದು ರಿಕ್ವೈರ್‌ಮೆಂಟ್‌ನಿಂದ ಇನ್ನೊಂದಕ್ಕಿರುವ ಲಿಂಕ್‌ಗಳನ್ನು ಹೇಗೆ ಎಣಿಸಬೇಕು? ಬೇಸ್‌ಲೈನ್‌ಗಳ (ಆಯಾ ಹಂತದಲ್ಲಿ ಬದಲಾಗದಂತೆ ಉಳಿಸಿಟ್ಟ ಪ್ರತಿಗಳು) ಗತಿ ಏನು?

ಉತ್ತರ 1 ಬರೆದವರು

ಲಿಂಕ್ ಎಣಿಸುವಾಗ ಹೊರಹೋಗುವುದನ್ನು ಮಾತ್ರ ಎಣಿಸಿ. ಒಳಬರುವ ಲಿಂಕ್ ಪೂರ್ತಿ ಸಿಗಬೇಕಾದರೆ ಅದು ಹೊರಟ ಮಾಡ್ಯೂಲ್ ತೆರೆದಿರಬೇಕು, ಇಲ್ಲದಿದ್ದರೆ ಕಡಿಮೆ ತೋರಿಸುತ್ತದೆ. ಎರಡೂ ಕಡೆಯಿಂದ ಎಣಿಸಿದರೆ ಒಂದೇ ಲಿಂಕ್ ಎರಡು ಸಲ ಬರುತ್ತದೆ. ಪ್ರತಿ ಲಿಂಕ್‌ನ ಪಕ್ಕ ಅದರ ಲಿಂಕ್ ಮಾಡ್ಯೂಲ್ (ಡೋರ್ಸ್ ಲಿಂಕ್‌ಗಳನ್ನು ಇಡುವ ಜಾಗ) ಹೆಸರು ಬರೆದುಕೊಳ್ಳಿ. 'ಸ್ಯಾಟಿಸ್ಫೈಸ್', 'ವೆರಿಫೈಸ್' ಅಂತ ಇದ್ದರೆ ಹೊಸ ಕಡೆಯ ಲಿಂಕ್ ಟೈಪ್‌ಗೆ ನೇರ ಹೋಗುತ್ತವೆ. 'ಡೋರ್ಸ್ ಲಿಂಕ್ಸ್' ಅಂತ ಇದ್ದರೆ ಅದು ಟೂಲ್ ತಾನಾಗಿ ಹುಟ್ಟಿಸಿದ ಡೀಫಾಲ್ಟ್. ಯಾರೋ ಸುಮ್ನೆ ಎಳೆದು ಬಿಟ್ಟಿದ್ದಾರೆ, ಸಂಬಂಧ ಏನು ಅಂತ ಬರೆದಿಲ್ಲ. ಆ ರಾಶಿ ಎಷ್ಟು ದೊಡ್ಡದು ಅನ್ನೋದು ಮ್ಯಾನೇಜರ್‌ಗೆ ಕೊಡಬೇಕಾದ ಮೊದಲ ಸಂಖ್ಯೆ. ಟ್ರೇಸಬಿಲಿಟಿ (ಯಾವುದು ಯಾವುದರಿಂದ ಬಂತು ಎಂಬ ಜಾಡು) ಆಡಿಟ್‌ನಲ್ಲಿ ಕೇಳುವುದು ಅದನ್ನೇ.

ಬೇಸ್‌ಲೈನ್ ಮತ್ತು ಹಿಸ್ಟರಿ ಬರುತ್ತವೆ ಅಂತ ಯಾರಿಗೂ ಮಾತು ಕೊಡಬೇಡಿ. ಟೂಲ್‌ನಿಂದ ಟೂಲ್‌ಗೆ ರಿಕ್ವೈರ್‌ಮೆಂಟ್ ಸಾಗಿಸುವ ರೆಕ್‌ಇಫ್ ಫೈಲ್‌ನಲ್ಲಿ ಹೋಗುವುದು ಈಗಿನ ಸ್ಥಿತಿ ಮಾತ್ರ, ಯಾರು ಯಾವಾಗ ಏನು ಬದಲಿಸಿದರು ಎಂಬ ಸಾಲುಸಾಲು ದಾಖಲೆ ಹೋಗುವುದಿಲ್ಲ. ಗ್ರಾಹಕರಿಗೆ ಬಿಡುಗಡೆ ಮಾಡಿದ ಬೇಸ್‌ಲೈನ್ ಯಾವ್ಯಾವು ಅಂತ ಸೇಫ್ಟಿ ಮ್ಯಾನೇಜರ್ ಹತ್ತಿರ ಪಟ್ಟಿ ಮಾಡಿಸಿ. ಹಳೆಯ ಡೇಟಾಬೇಸ್ ಓದಲು ಮಾತ್ರ ಎಷ್ಟು ವರ್ಷ ಇಡಬೇಕು ಅನ್ನೋದನ್ನೂ ಅವರಿಂದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅದರ ಲೈಸೆನ್ಸ್ ಮತ್ತು ಸರ್ವರ್ ಖರ್ಚು ಯೋಜನೆಯಲ್ಲಿ ಬೇರೆ ಸಾಲಾಗಿ ಬರಲಿ.

ಮಾಡ್ಯೂಲ್ ಪಟ್ಟಿ ಸಿದ್ಧವಾದರೆ ಆಟ್ರಿಬ್ಯೂಟ್ ಕಾಲಂ ಮಾತ್ರ ಇಲ್ಲಿ ಹಾಕಿ, ಕಂಪನಿ ಗುಟ್ಟು ಬೇಡ. ಟೈಪ್‌ಗಳನ್ನು ಹೇಗೆ ಸೇರಿಸಬಹುದು ಅಂತ ನೋಡಿ ಹೇಳುತ್ತೇನೆ.