ಸಹಾಯ ಬೇಕು: ಅಮ್ಮನ ಕೋವಿನ್ ಸರ್ಟಿಫಿಕೇಟ್, ಪಾಸ್‌ಪೋರ್ಟ್ ಎರಡರಲ್ಲೂ ಹೆಸರು ಬೇರೆ ಬೇರೆ

ಎಲ್ರಿಗೂ ನಮಸ್ಕಾರ. (ಇದು 2021ರ ನವೆಂಬರಲ್ಲಿ ಬರೀತಿರೋದು.) ನಾವಿರೋದು ಮೆಲ್ಬರ್ನ್‌ನಲ್ಲಿ, ಪಿಆರ್ (ಕಾಯಂ ವಾಸದ ಅನುಮತಿ) ಇದೆ, ಅಮ್ಮ ಹಾಸನದಲ್ಲಿ. ಕೋವಿಡ್ ಅಂತ ಗಡಿ ಮುಚ್ಚಿದ್ದ ಆಸ್ಟ್ರೇಲಿಯಾ ಸರ್ಕಾರದವ್ರು 2021ರ ನವೆಂಬರ್ 1ರಿಂದ ಅಪ್ಪ ಅಮ್ಮನ್ನೂ ಇಮಿಡಿಯೇಟ್ ಫ್ಯಾಮಿಲಿ (ಒಳಗೆ ಬಿಡೋ ಹತ್ತಿರದ ಕುಟುಂಬ) ಅಂತ ಸೇರಿಸಿದಾರಲ್ಲ, ಅದಕ್ಕೇ ಡಿಸೆಂಬರಲ್ಲಿ ಅಮ್ಮನ್ನ ಕರೆಸ್ಕೊಳ್ಳೋಣ ಅಂತಿದೀವಿ, ನನ್ ಹೆಂಡ್ತಿಗೆ ಜನವರೀಲಿ ಹೆರಿಗೆ. ವೀಸಾ ಇದೆ. ಎರಡೂ ಡೋಸ್ ಕೋವಿಶೀಲ್ಡ್, ಅದನ್ನ ಇಲ್ಲಿ ಟಿಜಿಎ (ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆ) ಒಪ್ಕೊಂಡಿದೆ, ಆ ಚಿಂತೆ ಇಲ್ಲ.

ತಲೆನೋವು ಹೆಸರಿಂದು. ಆಧಾರ್ ನೋಡಿ ಲಸಿಕೆ ಹಾಕಿರೋದ್ರಿಂದ ಕೋವಿನ್‌ನಲ್ಲಿ (ಭಾರತ ಸರ್ಕಾರದ ಕೋವಿಡ್ ಲಸಿಕೆ ಪೋರ್ಟಲ್) ಹೆಸರಿನ ಮುಂದೆ ಬರೀ ಇನಿಶಿಯಲ್ ಇದೆ, ಪಾಸ್‌ಪೋರ್ಟಲ್ಲಿ ಅದನ್ನೇ ಬಿಡಿಸಿ ಊರ ಹೆಸರು, ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು. (ನಮ್ ಕಡೆಯವ್ರು ಸರ್‌ನೇಮ್ ಎಲ್ಲಿಂದ ತರೋದು ಸ್ವಾಮಿ!) ಕೋವಿನ್‌ನಲ್ಲಿ ತಿದ್ದೋಕೆ ಒಂದೇ ಸಲ ಬಿಡೋದು, ಊರಿನ ಸೈಬರ್ ಸೆಂಟರ್ ಹುಡುಗ ಹುಟ್ಟಿದ ವರ್ಷ ಸರಿ ಮಾಡೋಕ್ ಹೋಗಿ ಆ ಚಾನ್ಸೂ ಮುಗಿಸಿಟ್ಟಿದಾನೆ, ಪುಣ್ಯಕ್ಕೆ ಪಾಸ್‌ಪೋರ್ಟ್ ನಂಬರ್ ಮಾತ್ರ ಸೇರಿದೆ.

ಹೀಗೆ ಇನಿಶಿಯಲ್ ಇರೋ ಸರ್ಟಿಫಿಕೇಟ್ ಇಟ್ಕೊಂಡು ಬೆಂಗಳೂರಿಂದ ಯಾರಾದ್ರೂ ಬಂದಿದೀರಾ? ಚೆಕ್‌ಇನ್ ಕೌಂಟರಲ್ಲಿ ತಕರಾರು ಮಾಡಿದ್ರಾ? ನೋಟರಿ ಅಫಿಡವಿಟ್ ನಡೆಯುತ್ತಾ, ಇಲ್ಲ ಕೋವಿಡ್ ಸಹಾಯವಾಣಿ 1075ಗೆ ಫೋನ್ ಮಾಡಿದ್ರೆ ಇನ್ನೊಂದ್ಸಲ ತಿದ್ದಿಕೊಡ್ತಾರಾ?

ಇನ್ನೊಂದು, ಇಲ್ಲಿಗೆ ಬರೋ ಅನುಮತಿ ಅರ್ಜೀಲಿ ಅವ್ರು ನನ್ನ ಅಮ್ಮ ಅಂತ ತೋರ್ಸೋಕೆ ನನ್ನ ಬರ್ತ್ ಸರ್ಟಿಫಿಕೇಟ್ ಬೇಕು, ಆದ್ರೆ ಹಳೇದ್ರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ, ಬರೀ 'ಗಂಡು' ಅಂತಿದೆ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ತಾಯಿ ಹೆಸರಿದೆ, ಅದು ಸಾಕಾಗುತ್ತಾ? ಈ ತಿಂಗಳು ಅಪ್ಪ ಅಮ್ಮನ್ನ ಕರೆಸ್ಕೊಂಡವ್ರು ಯಾವ ಪೇಪರ್ ಅಪ್‌ಲೋಡ್ ಮಾಡಿದ್ರಿ ಅಂತ ದಯವಿಟ್ಟು ತಿಳಿಸಿ, ಟಿಕೆಟ್ ಇನ್ನೂ ಬುಕ್ ಮಾಡಿಲ್ಲ.