ರೀಫ್ ಟ್ಯಾಂಕ್‌ಗೆ ಬಣ್ಣದ ರಾಸ್ ಮೀನು: ಸಾಕಿದವರು ಹೇಳಿ

ಉಡುಪಿ: ನಮಸ್ಕಾರ. ನಾಲ್ಕಡಿ ಸಮುದ್ರ ನೀರಿನ ಟ್ಯಾಂಕ್, 250 ಲೀಟರ್. ಸಾಫ್ಟ್ ಕೋರಲ್ (ಮೆದು ಹವಳ), ಒಂದು ಜೊತೆ ಕ್ಲೌನ್ ಮೀನು, ಒಂದು ಕ್ಲೀನರ್ ಸಿಗಡಿ ಇವೆ. ಕೋರಲ್ ಕಚ್ಚದ, ಒಳ್ಳೆ ಬಣ್ಣದ ರಾಸ್ ಬೇಕು. ಬಜೆಟ್ 6,000. ಸಿಗಡಿಗೆ ತೊಂದರೆ ಆಗಬಾರದು. ಯಾವುದು ತರಲಿ?

ಕದ್ರಿ: ಫೇರಿ ರಾಸ್ ಆದರೆ ಮೊದಲು ಮುಚ್ಚಳ, ಆಮೇಲೆ ಮೀನು. ನನ್ನದು ಕೆಂಪು ಗಂಡು, 7,200 ರೂಪಾಯಿ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂತು, ಅದಕ್ಕೆ 600. ಶಿರಾಡಿ ಘಾಟಿ ಬಂದ್ ಆಗಿ ಬಸ್ಸು ಚಾರ್ಮಾಡಿ ಸುತ್ತಿತು, ಆದರೂ ಮೀನು ಚುರುಕಾಗಿತ್ತು. ಗಾಜಿನ ಮುಚ್ಚಳ ಸಾಕು ಅಂತ ಅಂಗಡಿಯವರು 1,400 ತಗೊಂಡರು. ಪಂಪಿನ ವಯರಿಗೆ ಅಂತ ಮೂಲೆಯಲ್ಲಿ ಎರಡು ಬೆರಳಗಲ ಸಂದಿ ಬಿಟ್ಟಿದ್ದರು. ಅದೇ ಸಂದಿಯಲ್ಲಿ ಹಾರಿತು. ಬೆಳಿಗ್ಗೆ ನೋಡಿದರೆ ಸ್ಟ್ಯಾಂಡಿನ ಹಿಂದೆ, ಬಾಲ ನೆಲಕ್ಕೆ ಅಂಟಿಕೊಂಡು ಒಣಗಿತ್ತು. ಈಗ ಚೌಕಟ್ಟಿಗೆ ಸಣ್ಣ ಕಣ್ಣಿನ ಬಲೆ ಹಾಕಿಸಿದ್ದೇನೆ, 1,850. ಏಪ್ರಿಲ್ ಸೆಕೆಗೆ ಗಾಜು ಆಗುವುದೂ ಇಲ್ಲ, ನೀರು ತಂಪು ಮಾಡುವ ಚಿಲ್ಲರ್ ನಿಲ್ಲದೆ ಓಡುತ್ತದೆ. ಚಿಲ್ಲರ್‌ಗೆ 29,000, ಕರೆಂಟ್ ಬಿಲ್ ಬೇರೆ.

ಮಣಿಪಾಲ: ಇಷ್ಟೆಲ್ಲ ರಗಳೆ ಯಾಕೆ? ಸಿಕ್ಸ್‌ಲೈನ್ ರಾಸ್ ತನ್ನಿ, 2,800. ನೇರಳೆ ಮೈ, ಕಿತ್ತಳೆ ಗೆರೆ, ಹಸಿರು ಬಾಲ. ಬಂಡೆ ಸಂದಿಯಲ್ಲಿ ನುಗ್ಗಿ ನುಗ್ಗಿ ಹುಳ ಹೆಕ್ಕುತ್ತದೆ. ನನ್ನ ಕೋರಲ್ ಮೇಲೆ ಹಬ್ಬಿದ್ದ ಚಪ್ಪಟೆ ಹುಳಕ್ಕೆ 2,300ರ ಔಷಧಿ ಏನೂ ಮಾಡಲಿಲ್ಲ. ಇದು ಖಾಲಿ ಮಾಡಿತು.

ಸುರತ್ಕಲ್: ಸಿಕ್ಸ್‌ಲೈನ್ ಹೆಸರೆತ್ತಬೇಡಿ ಮಾರಾಯ್ರೆ. ಹೊಸದಾಗಿ ಬಿಟ್ಟ ಗ್ರಾಮಾ ಮೀನನ್ನು ಮೂಲೆಗೆ ಒತ್ತಿ, ರೆಕ್ಕೆ ಹರಿದು ಕೊಂದಿತು. 3,400 ಹೋಯಿತು. ಆಮೇಲೆ ತಂದ ಫೈರ್‌ಫಿಶ್ ಹೆದರಿ ಊಟವೇ ಬಿಟ್ಟಿತು. ಈ ರಾಕ್ಷಸನನ್ನು ಹಿಡಿಯಲು ಬಂಡೆ ಪೂರ್ತಿ ತೆಗೆಯಬೇಕಾಯಿತು, ಕೋರಲ್ ಮುರಿದದ್ದು ಬೇರೆ. ಈಗ ಮೆಲನ್ಯೂರಸ್ ರಾಸ್ ಉಂಟು. ರಾತ್ರಿ ಮರಳೊಳಗೆ ಮಲಗುತ್ತದೆ, ಎರಡು ಇಂಚು ನಯ ಮರಳು ಬೇಕೇ ಬೇಕು. ತಂದ ಹೊಸತರಲ್ಲಿ ಕಾಣಲೇ ಇಲ್ಲ. ಸತ್ತಿದೆ, ಮರಳು ಕೆದಕಿ ಅಂತ ಮನೆಯಲ್ಲಿ ಹೇಳಿದರು. ನಾನು ಕೈ ಹಾಕಲಿಲ್ಲ. ಒಂದು ದಿನ ಲೈಟ್ ಹಾಕಿದಾಗ ಮರಳಿನ ಮೇಲೆ ಬರೀ ಹಸಿರು ಮೂತಿ ಮತ್ತು ಕಣ್ಣು. ಆ ಕಣ್ಣು ಸುತ್ತಲೂ ನೋಡುತ್ತಿತ್ತು.

ಮಣಿಪಾಲ: ಸಿಕ್ಸ್‌ಲೈನನ್ನು ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ನಿಮ್ಮದು ಎರಡಡಿ ಟ್ಯಾಂಕ್ ಅಲ್ವಾ? ಸುಮ್ನೆ ಮೀನಿಗೆ ಬಯ್ಯಬೇಡಿ.

ಸುರತ್ಕಲ್: ಮೂರಡಿ. ನೋಡದೆ ಮಾತಾಡಬೇಡಿ. ಸಿಕ್ಸ್‌ಲೈನ್ ಬಂದ ಮೇಲೆ ನಿಮ್ಮಲ್ಲಿ ಒಂದಾದರೂ ಹೊಸ ಮೀನು ಬಿಟ್ಟಿದ್ದೀರಾ? ಬಿಟ್ಟು ನೋಡಿ, ಆಮೇಲೆ ಮಾತಾಡುವ.

ಉಡುಪಿ: ಮೆಲನ್ಯೂರಸ್ ಸಿಗಡಿಯ ತಂಟೆಗೆ ಹೋಗುವುದಿಲ್ವಾ?

ಮಲ್ಪೆ: ಎಲ್ಲರೂ ಮೀನಿನ ರೇಟ್ ಹೇಳುತ್ತಿದ್ದೀರಿ. ದುಡ್ಡು ಹೋಗುವುದು ಟ್ಯಾಂಕಿನ ನೀರಿಗೆ ಬೆರೆಸುವ ಉಪ್ಪಿಗೆ. ನಾನು ಉಪ್ಪಿನ ಪುಡಿ ತರುವುದೇ ಇಲ್ಲ, ಭಾವನ ಬೋಟಿನಲ್ಲಿ ಆಳ ಸಮುದ್ರದ ನೀರು ಬರುತ್ತದೆ. ಅದರಲ್ಲೇ ಒಂದು ಗಂಡು, ಎರಡು ಹೆಣ್ಣು ಫೇರಿ ರಾಸ್ ಇವೆ. ಹೆಣ್ಣು ಜೊತೆಗಿದ್ದರೆ ಗಂಡಿನ ಬಣ್ಣ ಮಾಸುವುದಿಲ್ಲ.

ಕದ್ರಿ: ಜೂನ್ 1ರಿಂದ ಜುಲೈ 31ರವರೆಗೆ ಏನು ಮಾಡುತ್ತೀರಿ? ಮೀನುಗಾರಿಕೆ ನಿಷೇಧ, ಬೋಟೆಲ್ಲ ದಕ್ಕೆಯಲ್ಲೇ (ಬಂದರಿನ ಕಟ್ಟೆ) ಇರುತ್ತದೆ. ದಡದ ನೀರಿಗೆ ಹೊಳೆ ನೀರು ಸೇರುತ್ತದೆ. ಜುಲೈಯಲ್ಲಿ ಪಣಂಬೂರಿನಲ್ಲಿ ನೀರಿನ ಸಾಪೇಕ್ಷ ಸಾಂದ್ರತೆ (ಉಪ್ಪಿನಂಶ ತಿಳಿಯುವ ಅಳತೆ) ಅಳೆದು ನೋಡಿದ್ದೇನೆ, 1.016. ಬೇಕಾದದ್ದು 1.025. ದಕ್ಕೆ ನೀರಿನ ಮೇಲೆ ಡೀಸೆಲ್ ತೇಲುತ್ತದೆ. ಹೊಸಬರಿಗೆ ಇಂಥದ್ದು ಹೇಳಿಕೊಡಬೇಡಿ.

ಮಲ್ಪೆ: ದಕ್ಕೆ ನೀರು ಅಂತ ಯಾರು ಹೇಳಿದ್ದು? ಮೇ ಕೊನೆಗೇ ಡ್ರಮ್ ತುಂಬಿಸಿ, ಮುಚ್ಚಿ, ಕತ್ತಲಲ್ಲಿ ಇಡುತ್ತೇವೆ. ಹಾಕುವ ಮೊದಲು ಸೋಸಿ ಕಾರ್ಬನ್ ಫಿಲ್ಟರಿನಲ್ಲಿ ಓಡಿಸುತ್ತೇವೆ.

ಸುರತ್ಕಲ್: ಮೆಲನ್ಯೂರಸ್ ದೊಡ್ಡ ಕ್ಲೀನರ್ ಸಿಗಡಿಯನ್ನು ಹೆಚ್ಚಾಗಿ ಮುಟ್ಟುವುದಿಲ್ಲ, ಸಣ್ಣ ಸಿಗಡಿಯನ್ನು ತಿನ್ನುತ್ತದೆ. ಮಣಿಪಾಲದವರೇ, ಹೊಸ ಮೀನು ಬಿಟ್ಟಿದ್ದೀರಾ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಕದ್ರಿ: ಮಲ್ಪೆಯವರೇ, ಆ ಡ್ರಮ್ಮಿನ ನೀರಿನ ನೈಟ್ರೇಟ್ (ಕೊಳೆಯಿಂದ ಕೂಡುವ ಅಂಶ) ಎಷ್ಟು ಅಂತ ಆಗಸ್ಟ್‌ನಲ್ಲಿ ಇಲ್ಲಿ ಹಾಕಿ.

ಮಲ್ಪೆ: ಹಾಕುತ್ತೇನೆ. ನೀವು ಉಪ್ಪಿನ ಬಿಲ್ ಹಾಕಿ.